ಹೆಸರು ಕೇಳದ ದಾನ

ದಾನವೆಂದರೆ ಕೊಡುವವನೊಬ್ಬ, ತಕ್ಕೊಳ್ಳುವವನೊಬ್ಬ, ಇಷ್ಟೇ ಎಂದು ನಾವು ತಿಳಿದುಕೊಂಡು ಬಂದಿದ್ದೇವೆ. ಕೊಡುವವನ ಮನಸ್ಸು ಶುದ್ಧವಾಗಿದೆಯೆ, ತಕ್ಕೊಳ್ಳುವವನು ಯೋಗ್ಯನೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ನಮ್ಮ ಹಿರಿಯರು ಸುಮ್ಮನಾದರು. ಮೂರನೆಯ ಪ್ರಶ್ನೆಯನ್ನು ಕೇಳುವ ಪ್ರಸಂಗ ಅವರಿಗೆ ಬಂದಿರಲಿಲ್ಲ. ನಮಗೆ ಬಂದಿದೆ. ತಕ್ಕೊಳ್ಳುವವನು ಒಬ್ಬ, ಅದರ ಬೆಲೆ ತೆರುವವನು ಮತ್ತೊಬ್ಬ, ಆ ಮತ್ತೊಬ್ಬನೋ ಹತ್ತು ವರ್ಷದ ಹುಡುಗ, ಎಂಬಂಥ ದಾನವನ್ನು ಧರ್ಮವೆನ್ನಬೇಕೆ, ವ್ಯಾಪಾರವೆನ್ನಬೇಕೆ?

ಇದು ತರ್ಕದ ಕಸರತ್ತಿಗಾಗಿ ಹುಟ್ಟಿಸಿದ ಪ್ರಶ್ನೆಯಲ್ಲ. ಇಂಟರ್ನೆಟ್ಟಿನ ಮೂಲಕ ನಮ್ಮ ಮಾಸ್ತರರ ಮೊಬೈಲಿಗೆ ಇಂದು ಬಗೆಬಗೆಯ ಸಾಧನಗಳು ಪುಕ್ಕಟೆಯಾಗಿ ಬಂದು ಬೀಳುತ್ತಿವೆ. ಪ್ರಶ್ನೆಪತ್ರಿಕೆ ತಯಾರಿಸಿ ತಾವೇ ಅಂಕ ಹಾಕುವಂಥವು, ಪಾಠವನ್ನು ಚಿತ್ರವಾಗಿ ತೋರಿಸುವಂಥವು, ಮಕ್ಕಳ ಹಾಜರಿ ಹಿಡಿಯುವಂಥವು, ಈಚೆಗೆ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವಂಥವು. ಒಂದಕ್ಕೂ ದುಡ್ಡಿಲ್ಲ. ಹೆಸರು ನೋಂದಾಯಿಸಿದರೆ ಆಯಿತು.

ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಹೋಗುವ ಹಾದಿಯಲ್ಲಿ ಯರಗಟ್ಟಿ ಇದೆ. ಮೊನ್ನೆಮೊನ್ನೆಯವರೆಗೆ ಸವದತ್ತಿ ತಾಲೂಕಿನ ಒಂದು ಊರಾಗಿದ್ದು ಈಗ ತಾನೇ ತಾಲೂಕಿನ ಹೆಸರು ಪಡೆದಿದೆ. ಸುತ್ತಲೂ ಎರಿ ಹೊಲ. ಬನದ ಹುಣ್ಣಿವೆಗೂ ಭಾರತ ಹುಣ್ಣಿವೆಗೂ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನ ಈ ಸೀಮೆಯ ದಾರಿಗಳನ್ನು ತುಂಬುತ್ತಾರೆ. ಇಂಥ ಸೀಮೆಯ ಒಂದು ಸರಕಾರಿ ಶಾಲೆಯನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಬೇಕು. ವಿಜ್ಞಾನದ ಕೊಠಡಿಯೆಂದರೆ ಒಂದು ಕಪಾಟು. ಆ ಕಪಾಟಿನಲ್ಲಿ ಒಡೆದ ಒಂದು ಬೀಕರು, ತುಕ್ಕು ಹಿಡಿದ ಒಂದು ಅಯಸ್ಕಾಂತ. ಮಾಸ್ತರರು ಒಳ್ಳೆಯವರು. ವಿದ್ಯುತ್ ಮಂಡಲವನ್ನು ಹಲಗೆಯ ಮೇಲೆ ಹತ್ತು ಸಲ ಬರೆದು ತೋರಿಸಿದರೂ ಹುಡುಗರ ಮುಖದಲ್ಲಿ ದೀಪ ಹತ್ತದು. ಆಗ ಯಾರೋ ಹೇಳುತ್ತಾರೆ: ಇಂಥದೊಂದು ಆ್ಯಪ್ ಇದೆ, ಪುಕ್ಕಟೆ ಇದೆ, ಹಾಕಿಕೊಳ್ಳಿರಿ. ಬೇಡವೆನ್ನುವ ಮಾಸ್ತರರಿಗೆ ನಾವು ಏನು ಹೇಳಬೇಕು? ಪಟ್ಟಣದಲ್ಲಿ ಕುಳಿತು ಪತ್ರಿಕೆ ಓದುವ ನಮಗೆ ನಿರಾಕರಣೆಯ ಉಪದೇಶ ಸುಲಭ. ನಮ್ಮ ಮಕ್ಕಳ ಶಾಲೆಯಲ್ಲಿ ಪ್ರಯೋಗಶಾಲೆ ಇದೆ. ಅಲ್ಲಿ ಬೇಡವೆಂದರೆ ನಷ್ಟವಾಗುವುದು ಆ ಎರಿ ಹೊಲದ ಮಕ್ಕಳಿಗೆ. ಆದುದರಿಂದ ‘ಪುಕ್ಕಟೆಯದೆಲ್ಲ ಮೋಸ’ ಎಂಬ ಗಾದೆಯಂಥ ಮಾತಿನಿಂದ ಈ ಪ್ರಶ್ನೆ ಹರಿಯುವುದಿಲ್ಲ.

ವಿದ್ಯೆಗಾಗಿ ಕೊಡುವುದು ಈ ಸೀಮೆಗೆ ಹೊಸದೂ ಅಲ್ಲ. ಯರಗಟ್ಟಿಯ ನೆರೆಯಲ್ಲಿಯೇ ಕಾಳಮ್ಮನ ಗುಡಿಯಿಂದ ಹೆಸರಾದ ಸಿರಸಂಗಿ ಇದೆ. ಅಲ್ಲಿಯ ದೇಸಾಯಿ ಲಿಂಗರಾಜರು (1861-1906) ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಮಕ್ಕಳ ವಿದ್ಯೆಗೆಂದು ಬಿಟ್ಟುಹೋದರು. ‘ತ್ಯಾಗವೀರ’ರೆಂದು ಜನ ಅವರನ್ನು ಕರೆದದ್ದು ಸುಮ್ಮನೆ ಅಲ್ಲ. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಅದಕ್ಕೆ ಅವರದೇ ಹೆಸರಾಯಿತು. ಆ ದಾನಕ್ಕೂ ಒಂದು ಮೇರೆಯಿತ್ತು. ಮುಖ್ಯವಾಗಿ ತಮ್ಮ ಸಮಾಜದ ಮಕ್ಕಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ದಾನವದು. ಈ ಮಾತನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟವಾಗಿದೆ: ಅವರು ಕೊಟ್ಟದ್ದು ತಮ್ಮದನ್ನು. ಆ ನೆರವಿನಿಂದ ಓದಿದ ಹುಡುಗ ರಾತ್ರಿ ಎಷ್ಟು ಗಂಟೆಗೆ ದೀಪ ಆರಿಸಿದ, ಯಾವ ಲೆಕ್ಕದಲ್ಲಿ ಮೂರು ಸಲ ತಪ್ಪಿದ, ಯಾವ ಪುಟದಲ್ಲಿ ತೂಕಡಿಸಿದ ಎಂಬುದನ್ನು ಬರೆದಿಟ್ಟುಕೊಳ್ಳುವ ಯೋಚನೆ ಆ ಕಾಲದ ಯಾವ ದಾನಿಗೂ ಹೊಳೆಯುವಂತಿರಲಿಲ್ಲ.

ಆಮೇಲಿನ ಕಾಲದಲ್ಲಿಯೂ ಬಹಳ ದಿನ ಹಾಗೆಯೇ ನಡೆಯಿತು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಪ್ರಾರಂಭವಾಯಿತು. ರೇಡಿಯೋದ ಮುಂದೆ ಯಾರು ಕುಳಿತು ಕೇಳುತ್ತಿದ್ದಾರೆ, ಯಾರು ಎದ್ದು ಹೋದರು ಎಂಬುದು ರೇಡಿಯೋಕ್ಕೆ ತಿಳಿಯುವಂತಿರಲಿಲ್ಲ. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಎಂಬ ಉಪಗ್ರಹವನ್ನು ಇಸ್ರೋ ಹಾರಿಸಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಅದರ ಮೊದಲ ಪ್ರಯೋಗಗಳಲ್ಲಿ ಸೇರಿದ್ದವು. ಮಹಾಮಾರಿಯ ಕಾಲದಲ್ಲಿ, 2020-21ರಲ್ಲಿ, ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಹಳ್ಳಿಯ ಪ್ರಾಥಮಿಕ ಶಾಲೆಗೆ, ಮನೆಯ ಪಡಸಾಲೆಗೆ ಮೇಲಿನಿಂದ ಇಳಿದು ಬಂದ ಈ ಪಾಠಗಳೆಲ್ಲ ಪುಕ್ಕಟೆಯಾಗಿದ್ದವು. ಮಗುವಿನ ಹೆಸರನ್ನು ಕೇಳಲಿಲ್ಲ. ದಾರಿಯ ಪಕ್ಕದ ಅರವಟಿಗೆಯ ಹಾಗೆ. ಬಿಸಿಲಲ್ಲಿ ಬಂದವನಿಗೆ ಒಂದು ತಂಬಿಗೆ ನೀರು ಕೊಡುವಾಗ ಯಾವ ಊರು, ಯಾರ ಮಗ, ದಿನಕ್ಕೆಷ್ಟು ಸಲ ನೀರಡಿಕೆಯಾಗುತ್ತದೆ ಎಂದು ಯಾರೂ ಕೇಳಿ ವಹಿಯಲ್ಲಿ ಬರೆಯುವುದಿಲ್ಲ. ಬರೆಯುವವನು ಕಿರಾಣಿ ಅಂಗಡಿಯವನು, ಉದ್ರಿ ಕೊಡುವಾಗ.

ಆದರೆ ರೇಡಿಯೋದ ಆ ಸದ್ಗುಣವೇ ಅದರ ದೋಷವೂ ಆಗಿತ್ತೆಂಬುದನ್ನು ಒಪ್ಪಬೇಕು. ಅದು ಹೆಸರು ಕೇಳಲಿಲ್ಲ, ಏಕೆಂದರೆ ಅದಕ್ಕೆ ಕಿವಿಯೇ ಇರಲಿಲ್ಲ. ತಿಳಿಯದ ಹುಡುಗನ ಮುಂದೆಯೂ ತಿಳಿದವನ ಮುಂದೆಯೂ ಅದು ಒಂದೇ ಸಮನೆ ಹೇಳುತ್ತ ಹೋಯಿತು. ಇಂದಿನ ಸಾಧನ ಕೇಳುತ್ತದೆ. ಹುಡುಗ ಎಲ್ಲಿ ತಡೆದ ಎಂಬುದನ್ನು ಕಂಡು, ಅಲ್ಲಿಯೇ ನಿಂತು, ಇನ್ನೊಂದು ಸುಲಭದ ಲೆಕ್ಕ ಕೊಡುತ್ತದೆ. ಅರವತ್ತು ಹುಡುಗರ ವರ್ಗದಲ್ಲಿ ಎಷ್ಟೇ ಶ್ರದ್ಧೆಯ ಮಾಸ್ತರರಿಗೂ ಆಗದ ಕೆಲಸವದು. ಕೇಳಿಸಿಕೊಳ್ಳದೆ ಕಲಿಸುವುದು ಕಷ್ಟ. ಕೇಳಿಸಿಕೊಂಡದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕು, ಯಾರಿಗೆ ಹೇಳಬೇಕು ಎಂಬಲ್ಲಿ ಧರ್ಮಾಧರ್ಮದ ಮಾತು ಪ್ರಾರಂಭವಾಗುತ್ತದೆ.

ಇದು ಬರಿ ಸಂಶಯದ ಮಾತಲ್ಲ ಎಂಬುದಕ್ಕೆ ಎರಡು ನಿದರ್ಶನ ಸಾಕು. ಮಹಾಮಾರಿಯ ಕಾಲದಲ್ಲಿ 49 ದೇಶಗಳ ಸರಕಾರಗಳು ಮಕ್ಕಳಿಗೆ ಶಿಫಾರಸು ಮಾಡಿದ 160ಕ್ಕೂ ಹೆಚ್ಚು ಕಲಿಕೆಯ ಸಾಧನಗಳನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪರೀಕ್ಷಿಸಿ 2022ರ ಮೇ ತಿಂಗಳಲ್ಲಿ ವರದಿ ಹೊರಡಿಸಿತು. ಅವುಗಳಲ್ಲಿ ಶೇಕಡಾ 89ರಷ್ಟು ಮಕ್ಕಳ ಹಕ್ಕಿಗೆ ಅಪಾಯ ತರುವ ಇಲ್ಲವೆ ಭಂಗ ತರುವ ರೀತಿಯಲ್ಲಿ ಮಾಹಿತಿಯನ್ನು ನಡೆಸಿಕೊಂಡಿದ್ದವೆಂದು ಅದು ಹೇಳಿತು. ನಮ್ಮ ಕೇಂದ್ರ ಸರಕಾರದ ‘ದೀಕ್ಷಾ’ ಕೂಡ ಆ ಪಟ್ಟಿಯಲ್ಲಿತ್ತು. 2017ರ ಶಿಕ್ಷಕರ ದಿನದಂದು ಪ್ರಾರಂಭವಾದ ದೀಕ್ಷಾ ವ್ಯಾಪಾರಕ್ಕೆ ಹುಟ್ಟಿದ್ದಲ್ಲ. ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ಎಲ್ಲರಿಗೂ ಮುಕ್ತವಾಗಿ ಬಿಟ್ಟ ತಂತ್ರಾಂಶದ ಮೇಲೆ ಕಟ್ಟಿದ್ದು. ನಮ್ಮ ಪಠ್ಯಪುಸ್ತಕಗಳ ಪುಟಗಳಲ್ಲಿ ಕಾಣುವ ಕಪ್ಪು ಚೌಕಟ್ಟಿನ ಗುರುತು ಅದರ ಬಾಗಿಲೇ. ಹೀಗಿದ್ದೂ 2023ರ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂತು: ಸುಮಾರು 6 ಲಕ್ಷ ವಿದ್ಯಾರ್ಥಿಗಳ ಹಾಗೂ 10 ಲಕ್ಷಕ್ಕೂ ಮಿಕ್ಕಿ ಶಿಕ್ಷಕರ ವಿವರಗಳು ದೀಕ್ಷಾದ ಒಂದು ಉಗ್ರಾಣದಲ್ಲಿ ಬೀಗವಿಲ್ಲದೆ ಬಿದ್ದಿದ್ದವು. ಇಲ್ಲಿ ಯಾರಿಗೂ ದುರುದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ದುರುದ್ದೇಶವಿಲ್ಲದೆಯೂ ಬಾಗಿಲು ತೆರೆದೇ ಉಳಿಯಬಲ್ಲದೆಂಬುದೇ ಹೆಚ್ಚಿನ ಚಿಂತೆಯ ಸಂಗತಿ.

‘ಅದರಲ್ಲೇನು ಮಹಾ? ಶಾಲೆಯಲ್ಲಿ ಹಾಜರಿ ಪುಸ್ತಕವಿಲ್ಲವೆ? ಅಂಕಪಟ್ಟಿಯಿಲ್ಲವೆ? ಮಾಸ್ತರರಿಗೆ ಎಲ್ಲರ ಹೆಸರು, ಎಲ್ಲರ ದಡ್ಡತನ ಗೊತ್ತಿಲ್ಲವೆ?’ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಗೆ ತೂಕವಿದೆ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಶಾಲೆ ಎಂದರೇನು ಎಂಬುದೇ ಒಂದಿಷ್ಟು ತಿಳಿಯುತ್ತದೆ.

ಹಿಂದೆ ನಮ್ಮ ಕಡೆಯ ಹುಡುಗರು ಪಾಟಿಯ ಮೇಲೆ ಬರೆಯುತ್ತಿದ್ದರು. ತಪ್ಪು ಬರೆದರೆ ಅಂಗೈಯಿಂದಲೋ, ಅಂಗಿಯ ತೋಳಿನಿಂದಲೋ, ಹೇಳಬಾರದು, ಉಗುಳು ಹಚ್ಚಿಯೋ ಒರೆಸಿಬಿಡುತ್ತಿದ್ದರು. ಏಳು ಎಂಟಲೆ ಐವತ್ತನಾಲ್ಕು ಎಂದು ಬರೆದ ಹುಡುಗ ಮಾಸ್ತರರು ಬರುವುದರೊಳಗೆ ಪಕ್ಕದವನನ್ನು ನೋಡಿ ಐವತ್ತಾರು ಮಾಡಿದರೆ, ಆ ಐವತ್ತನಾಲ್ಕು ಈ ಜಗತ್ತಿನಿಂದಲೇ ಹೊರಟುಹೋಯಿತು. ಮಾಸ್ತರರು ಕಂಡರೂ ಒಂದು ಮಾತು ಬೈದು, ಕಿವಿ ಹಿಂಡಿ, ಊಟದ ಬಿಡುವಿನೊಳಗೆ ಮರೆಯುತ್ತಿದ್ದರು. ಪಾಟಿಯೂ ಮರೆಯುತ್ತಿತ್ತು, ಮಾಸ್ತರರೂ ಮರೆಯುತ್ತಿದ್ದರು. ಐದನೆಯ ಇಯತ್ತೆಯಲ್ಲಿ ಭಿನ್ನರಾಶಿ ತಲೆಗೆ ಹತ್ತದವನು ಮುಂದೆ ಇಂಜಿನಿಯರನಾಗಿ ಊರಿಗೆ ಬಂದಾಗ ‘ಎಷ್ಟು ಶಾಣ್ಯಾ ಇದ್ದಿಯೋ ತಮ್ಮಾ’ ಎಂದು ಅದೇ ಮಾಸ್ತರರು ಬೆನ್ನು ತಟ್ಟುವುದು ಸುಳ್ಳಲ್ಲ. ಅವರಿಗೆ ನಿಜವಾಗಿಯೂ ಭಿನ್ನರಾಶಿಯ ನೆನಪಿರುವುದಿಲ್ಲ. ಈ ಮರೆವು ಮುದಿತನದ ದೋಷವೆಂದು ನಾವು ನಗುತ್ತೇವೆ. ನನಗೆ ಅದು ಗುರುವಿನ ದೊಡ್ಡ ಕೃಪೆಗಳಲ್ಲೊಂದೆಂದು ತೋರುತ್ತದೆ. ಕಲಿಯುವುದೆಂದರೆ ತಪ್ಪುವುದು, ತಪ್ಪನ್ನು ಒರೆಸುವ ಅವಕಾಶವಿದ್ದಲ್ಲಿಯೇ ಮಗು ಧೈರ್ಯವಾಗಿ ತಪ್ಪಬಲ್ಲದು.

ಹಾಜರಿ ಪುಸ್ತಕ ಹೆಡ್‌ಮಾಸ್ತರರ ಕಪಾಟಿನಲ್ಲಿರುತ್ತದೆ. ಅದನ್ನು ಯಾರು ನೋಡಿದರು, ಏಕೆ ನೋಡಿದರು ಎಂದು ಊರವರು ಹೋಗಿ ಕೇಳಬಹುದು, ಜಗಳಾಡಲೂಬಹುದು. ಅದರಲ್ಲಿರುವುದು ಬಂದದ್ದು, ಬಾರದ್ದು ಇಷ್ಟೇ. ಈ ಹೊಸ ವಹಿಯಲ್ಲಿ ಹುಡುಗ ಒಂದು ಪ್ರಶ್ನೆಯ ಮುಂದೆ ಎಷ್ಟು ಕ್ಷಣ ತಡೆದ, ಉತ್ತರವನ್ನು ಎಷ್ಟು ಸಲ ತಿದ್ದಿದ ಎಂಬುದು ಕೂಡ ಏರಬಹುದು. ಅದು ಯಾವ ದೇಶದ ಯಾವ ಕಪಾಟಿನಲ್ಲಿದೆ ಎಂದು ಮಾಸ್ತರರಿಗೇ ಗೊತ್ತಿರುವುದಿಲ್ಲ. ಒರೆಸಲು ಅಂಗಿಯ ತೋಳು ಅಲ್ಲಿಗೆ ಮುಟ್ಟುವುದಿಲ್ಲ.

ಇನ್ನು ಪುಕ್ಕಟೆಯದು ಎಷ್ಟು ದಿನ ಪುಕ್ಕಟೆ ಎಂಬ ಪ್ರಶ್ನೆ. ಇದನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಲಕ್ಷಾಂತರ ಶಿಕ್ಷಕರು ಬಳಸುತ್ತಿದ್ದ ಅಮೇರಿಕೆಯ ಎಡ್‌ಮೊಡೊ 2022ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. ಗೂಗಲ್ಲಿನ ಜಾಮ್‌ಬೋರ್ಡ್ ಎಂಬ ಹಲಗೆ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಶಾಲೆ ಕಾಲೇಜುಗಳಿಗೆ ಅದೇ ಸಂಸ್ಥೆ ಕೊಟ್ಟಿದ್ದ ಮಿತಿಯಿಲ್ಲದ ಸಂಗ್ರಹದ ಜಾಗಕ್ಕೆ 2022ರಲ್ಲಿ ಮಿತಿ ಬಂತು. ತಮ್ಮ ವಸ್ತು, ತಮ್ಮ ಇಷ್ಟ, ತಪ್ಪೆನ್ನಲಾಗದು. ಆದರೆ ಮಾಸ್ತರರು ರಾತ್ರಿಗಳನ್ನು ಕಳೆದು ಅದರಲ್ಲಿ ತುಂಬಿದ ಪಾಠಗಳು? ಬಾಡಿಗೆಯಿಲ್ಲದ ಮನೆಯೆಂದು ಗೋಡೆಗೆ ಸುಣ್ಣ ಬಳಿದು, ಅಂಗಳದಲ್ಲಿ ಕರಿಬೇವು ಹಚ್ಚಿದವನ ಪಾಡು ಅದು.

ಇದೆಲ್ಲ ಕೇಳಿ ವಾಚಕರು ನಿರಾಶರಾಗಬಾರದು. ನಿಜವಾದ ಅರವಟಿಗೆಗಳು ಈ ಹೊಸ ಹಾದಿಯಲ್ಲಿಯೂ ಇವೆ. 2001ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್ ಬಹುಮಾನ ಪಡೆದ ಕಾರ್ಲ್ ವೀಮನ್ ಎಂಬ ಪ್ರಾಧ್ಯಾಪಕರು ಅದರ ಮರುವರ್ಷ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ‘ಫೆಟ್’ ಎಂಬ ಕೆಲಸವನ್ನು ಪ್ರಾರಂಭಿಸಿದರು. ಬಹುಮಾನದ ಹಣದಲ್ಲಿ ಒಂದು ಭಾಗವನ್ನೂ ಇದಕ್ಕೆ ಹಾಕಿದರು. ಬೆಟರಿ, ತಂತಿ, ದೀಪಗಳನ್ನು ಪರದೆಯ ಮೇಲೆ ಜೋಡಿಸಿ ಮಂಡಲ ಕಟ್ಟಬಹುದು. ತಪ್ಪು ಜೋಡಿಸಿದರೆ ಬೆಂಕಿ ಹತ್ತಿದ ಹಾಗೆ ತೋರುತ್ತದೆ, ಯಾರ ಕೈಯೂ ಸುಡುವುದಿಲ್ಲ. ಕೆಲವಕ್ಕೆ ಕನ್ನಡದ ರೂಪವೂ ಇದೆ. ಹುಡುಗನ ಹೆಸರು ನೋಂದಾಯಿಸಬೇಕಾಗಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮ ಯರಗಟ್ಟಿ ಕಡೆಯ ಆ ಮಾಸ್ತರರಿಗೆ ಬೇಕಾದದ್ದು ಇಷ್ಟೇ ತಾನೆ?

ನಮ್ಮ ನಾಡಿನಲ್ಲಿಯೂ ಇಂಥ ಔದಾರ್ಯಕ್ಕೆ ಕೊರತೆಯಿಲ್ಲ. ಕೆ.ಪಿ. ರಾವ್ ಅವರು ಕಂಪ್ಯೂಟರಿಗೆ ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ಅದರ ಮೇಲೆ ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ನಾಡಿಗೆ ಬಿಟ್ಟುಕೊಟ್ಟರು. ಇಂದು ಕನ್ನಡ ಟೈಪು ಮಾಡುವ ಎಷ್ಟೋ ಬೆರಳುಗಳಿಗೆ ಅವರ ಹೆಸರು ಗೊತ್ತಿಲ್ಲ. ಅವರಿಗೂ ಆ ಬೆರಳುಗಳು ಯಾರವೆಂದು ಗೊತ್ತಿಲ್ಲ. ಇನ್ನೊಂದು ಕೆಲಸವನ್ನು ನಮ್ಮ ಸರಕಾರಿ ಮಾಸ್ತರರೇ ಮಾಡಿದ್ದಾರೆ. 2011ರಿಂದ ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆಯೂ ರಾಜ್ಯದ ಶಿಕ್ಷಣ ಇಲಾಖೆಯೂ ಕೂಡಿ ಪ್ರೌಢಶಾಲೆಯ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿದವು. ಮುಂದೆ 2013ರ ಸುಮಾರಿಗೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರ ರೂಪುಗೊಂಡಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಕನ್ನಡದ ಮಾಸ್ತರರು ತಾವೇ ಬರೆದ ಪಾಠಗಳು ಅದರಲ್ಲಿವೆ. ಯಾರೂ ಓದಬಹುದು, ತಿದ್ದಬಹುದು, ನಕಲು ಮಾಡಿಕೊಂಡು ಹಂಚಬಹುದು. ಎಲ್ಲವೂ ಉತ್ತಮವೆಂದಲ್ಲ; ಕೆಲವು ಪುಟಗಳು ಅರ್ಧಕ್ಕೆ ನಿಂತಿವೆ, ಕನ್ನಡ ಅಲ್ಲಲ್ಲಿ ಎಡವುತ್ತದೆ. ಆದರೂ ಇಲ್ಲಿ ಮಾಸ್ತರರು ಬೇಡುವವರಾಗಿ ಬಂದಿಲ್ಲ, ಕೊಡುವವರಾಗಿ ಬಂದಿದ್ದಾರೆ. ಪರರ ಸಾಧನವನ್ನು ಬಳಸಲು ತರಬೇತಿ ಪಡೆಯುವುದಕ್ಕೂ ತನ್ನ ಪಾಠವನ್ನು ಇನ್ನೊಬ್ಬ ಮಾಸ್ತರನಿಗೆ ಕೊಡುವುದಕ್ಕೂ ಇರುವ ಅಂತರವನ್ನು ಅನುಭವಿಸಿದವರೇ ಬಲ್ಲರು.

ಆದರೆ ಅರವಟಿಗೆಯನ್ನೂ ಯಾರೋ ಒಬ್ಬರು ಕೊಳ್ಳಬಹುದೆಂಬುದಕ್ಕೆ ಜಿಯೋಜೀಬ್ರಾದ ಕಥೆ ಸಾಕ್ಷಿಯಾಗಿದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ ತನ್ನ ಪದವಿಯ ಪ್ರಬಂಧಕ್ಕೆಂದು ಪ್ರಾರಂಭಿಸಿದ ಗಣಿತದ ಸಾಧನವದು. ರೇಖೆ ಎಳೆದರೆ ಸಮೀಕರಣ, ಸಮೀಕರಣ ಬದಲಿಸಿದರೆ ರೇಖೆ. ಲೋಕದ ಎಷ್ಟೋ ಮಾಸ್ತರರು ಕೂಲಿಯಿಲ್ಲದೆ ಅದಕ್ಕೆ ಪಾಠ ಬರೆದರು, ಭಾಷಾಂತರ ಮಾಡಿದರು. ನಮ್ಮ ಕರ್ನಾಟಕದ ಗಣಿತ ಶಿಕ್ಷಕರ ವೇದಿಕೆಯಲ್ಲಿಯೂ ಅದು ಮನೆಮಾತಾಯಿತು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೈಜೂಸ್ ಕಂಪನಿ ಅದನ್ನು ಸುಮಾರು 10 ಕೋಟಿ ಡಾಲರಿಗೆ ಕೊಂಡಿತು. 2024ರಲ್ಲಿ ಆ ಕಂಪನಿಯೇ ದಿವಾಳಿಯ ವಿಚಾರಣೆಗೆ ಒಳಗಾಯಿತು. ಜಿಯೋಜೀಬ್ರಾ ಮಾರಾಟದ ನಂತರವೂ ಮಾಸ್ತರರಿಗೆ ಪುಕ್ಕಟೆಯಾಗಿಯೇ ದೊರೆಯಿತು. ಅದರಿಂದ ಯಾವ ಹುಡುಗನಿಗೂ ಹಾನಿಯಾಯಿತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆದರೂ ಊರವರೆಲ್ಲ ಕೈಗೂಡಿಸಿ ತೋಡಿದ ಬಾವಿಯ ಖರೀದಿಪತ್ರ ಒಬ್ಬನ ಹೆಸರಿಗೆ ಆಗಬಹುದೆಂಬ ಮಾತನ್ನು ಮರೆಯುವ ಹಾಗಿಲ್ಲ.

ಹಾಗಾದರೆ ಮಾಸ್ತರರ ಧರ್ಮವೇನು? 1956ರ ಹಿಂದೂ ಅಪ್ರಾಪ್ತವಯಸ್ಕರ ಹಾಗೂ ಪಾಲಕರ ಕಾಯಿದೆಯಲ್ಲಿ ಒಂದು ನಿಯಮವಿದೆ. ಅಪ್ರಾಪ್ತ ವಯಸ್ಸಿನ ಮಗನ ಹೆಸರಿನಲ್ಲಿ ಎರಡೆಕರೆ ಎರಿ ಹೊಲವಿದ್ದರೆ, ಹಡೆದ ತಂದೆಯಾದರೂ ನ್ಯಾಯಾಲಯದ ಅಪ್ಪಣೆಯಿಲ್ಲದೆ ಅದನ್ನು ಮಾರಕೂಡದು. ತಂದೆ ಮಗನ ಹಿತವನ್ನೇ ಬಯಸುತ್ತಾನೆಂದು ಕಾಯಿದೆಗೆ ಗೊತ್ತಿಲ್ಲದೆ ಇಲ್ಲ. ಹಿತ ಬಯಸುವವನಿಗೂ ಅವಸರ, ಬಡತನ, ತಪ್ಪು ತಿಳಿವಳಿಕೆ ಇರುತ್ತವೆಂದು ಗೊತ್ತು, ಅದಕ್ಕೆ. ಮಾಸ್ತರರು ತಮ್ಮ ಹೆಸರು, ತಮ್ಮ ಫೋನ್ ನಂಬರು, ತಮ್ಮ ರಾತ್ರಿಯ ನಿದ್ದೆ ಇವನ್ನು ಬೇಕಾದರೆ ಕೊಟ್ಟುಕೊಳ್ಳಲಿ. ಅವು ಅವರ ಸ್ವಂತದವು. ಹುಡುಗನ ಹೆಸರು, ಅವನ ತಪ್ಪು, ಅವನ ತಡವರಿಕೆ ಇವು ಅವನ ಎರಡೆಕರೆ ಹೊಲ. ಅವು ಕೆಲಕಾಲ ಮಾಸ್ತರರ ವಶದಲ್ಲಿರುತ್ತವೆ, ಒಡೆತನದಲ್ಲಲ್ಲ. ಈ ಒಂದು ಭೇದವನ್ನು ಹಿಡಿದುಕೊಂಡರೆ ಎಷ್ಟೋ ಸಂದರ್ಭಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಮಾಸ್ತರರ ಮೊಬೈಲಿನಿಂದ ಗೋಡೆಗೆ ತೋರಿಸಿದ ಪ್ರಯೋಗ ಬೇರೆ. ನಲವತ್ತು ಹುಡುಗರ ಹೆಸರು, ಹುಟ್ಟಿದ ದಿನ ಬರೆದು ನಲವತ್ತು ಖಾತೆ ತೆರೆಯುವುದು ಬೇರೆ. ಎರಡನ್ನೂ ‘ಪುಕ್ಕಟೆ’ ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಖಾತೆಯಿಲ್ಲದೆ ನಡೆಯುವ ಸಾಧನ ಸಿಕ್ಕುವಲ್ಲಿ ಖಾತೆ ಕೇಳುವುದನ್ನು ಏಕೆ ತರಬೇಕು? ಖಾತೆ ಬೇಕೇ ಬೇಕೆಂಬಲ್ಲಿ ಹಾಜರಿ ನಂಬರು ಸಾಲದೆ? ಅದೂ ಆಗದೆ ಹೋದರೆ, ಆ ಸಾಧನದಿಂದ ಆಗುವ ಪ್ರಯೋಜನವನ್ನು ತೂಗಿ ನೋಡುವ ಹೊಣೆ ಉಳಿಯುತ್ತದೆ. ಅಲ್ಲಿ ಇಬ್ಬರು ಪ್ರಾಮಾಣಿಕ ಮಾಸ್ತರರು ಎರಡು ತೀರ್ಮಾನಕ್ಕೆ ಬರಬಹುದು. ಬರಲಿ.

ಸಾಧನವೇ ಇಲ್ಲದಾಗ ಏನು ಮಾಡುವುದೆಂಬುದನ್ನೂ ನಮ್ಮ ಮಾಸ್ತರರು ತೋರಿಸಿದ್ದಾರೆ. 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಪ್ರಾರಂಭವಾದಾಗ, ಮೊಬೈಲಿಲ್ಲದ ಮಕ್ಕಳಿದ್ದಲ್ಲಿಗೆ ಅವರೇ ನಡೆದುಹೋದರು. ಗುಡಿಯ ಕಟ್ಟೆ, ಮರದ ನೆರಳು, ಯಾರದೋ ಮನೆಯ ಪಡಸಾಲೆ ಶಾಲೆಯಾದವು. ರೋಗದ ಭಯ ಹೆಚ್ಚಾಗಿ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಹೊತ್ತಿಗೆ ಶಿಕ್ಷಕರ ಸಾವಿನ ಸುದ್ದಿಗಳೂ ಬಂದಿದ್ದವು. ಯಾವುದಕ್ಕೆ ಎಷ್ಟು ಬೆಲೆ ತೆರಬೇಕೆಂಬ ಪ್ರಶ್ನೆಯಲ್ಲಿ ಈ ಜನಕ್ಕೆ ಪಾಠ ಹೇಳಲು ಹೊರಡುವವರು ಒಂದು ಕ್ಷಣ ತಡೆಯಬೇಕು.

ಸರಕಾರವೂ ಸುಮ್ಮನೆ ಕುಳಿತಿಲ್ಲ. 2023ರ ಆಗಸ್ಟಿನಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಕಾಯಿದೆಯಾಯಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಂದವು. 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸಕೂಡದು ಎಂದು ಕಾಯಿದೆ ಹೇಳುತ್ತದೆ. ಶಾಲೆಗಳಿಗೆ ಶಿಕ್ಷಣದ ಕೆಲಸದ ಮಟ್ಟಿಗೆ ಕೆಲವು ವಿನಾಯಿತಿಗಳಿವೆ. ಒಳ್ಳೆಯದೇ. ಆದರೆ ಒಪ್ಪಿಗೆ ಎಂಬ ಮಾತು ಈ ಎರಿ ಸೀಮೆಗೆ ಬಂದಾಗ ಏನಾಗುತ್ತದೆಂದು ಊಹಿಸಿಕೊಳ್ಳುವುದು ಕಷ್ಟವಲ್ಲ. ಹೊಲದಿಂದ ಬಂದ ತಂದೆ ಕಾಲು ತೊಳೆದುಕೊಂಡು ಶಾಲೆಯ ಜಗಲಿ ಹತ್ತುತ್ತಾನೆ. ಕಾಗದ ಎರಡು ಪುಟವಿದೆ, ಇಂಗ್ಲಿಷಿನಲ್ಲಿದೆ. ಅದರಲ್ಲೇನಿದೆ ಎಂದು ಅವನು ಕೇಳುವುದಿಲ್ಲ, ಏಕೆಂದರೆ ಅದನ್ನು ಕೊಟ್ಟವರು ಮಾಸ್ತರರು.

‘ಎಲ್ಲಿ ಸಹಿ ಮಾಡ್ಲಿರಿ ಸರ?’ ಎಂದು ಕೇಳುತ್ತಾನೆ.

ಆಗ ಮಾಸ್ತರರು ಅವನನ್ನು ಬೆಂಚಿನ ಮೇಲೆ ಕೂಡಿಸಿ, ಆ ಎರಡು ಪುಟಗಳನ್ನು ಕನ್ನಡದಲ್ಲಿ ಓದಿ ಹೇಳಬೇಕಾಗುತ್ತದೆ. ಅದಕ್ಕೆ ಮೊದಲು ತಾವು ಓದಿರಬೇಕಾಗುತ್ತದೆ.